ಮೂರು ಟ್ಯೂಬು, ಒಂದೇ ಹಿಂದಿನ ಚಕ್ರ

ನನ್ನ ಹೈಬ್ರಿಡ್ ಸೈಕಲ್ಲಿನ ಟೈರಿನ ಮಗ್ಗುಲಲ್ಲಿ ಒಂದೇ ಅಳತೆಯನ್ನು ಮೂರು ಥರ ಬರೆದಿದೆ: 700×35ಸಿ, 28×1⅝×1⅜, 37-622. ಮೊದಲ ಸಲ ಟ್ಯೂಬು ತರಲು ಹೋದಾಗ ನಡುವಿನದ್ದನ್ನು ಓದಿಕೊಂಡು ಹೋಗಿ "28ರದ್ದು ಕೊಡಿ" ಅಂದೆ. ಅಂಗಡಿಯವರು ಕೊಟ್ಟಿದ್ದು 28×1½. ತಪ್ಪು ಅವರದ್ದಲ್ಲ. ನಮ್ಮ ಕಡೆ 28 ಅಂದರೆ ಅಪ್ಪ ಹಾಲಿನ ಕ್ಯಾನು ನೇತುಹಾಕಿಕೊಂಡು ಓಡಾಡುತ್ತಿದ್ದ, ರಾಡ್ ಬ್ರೇಕಿನ ಕಪ್ಪು ಸೈಕಲ್ಲೇ. ಅದರ ರಿಮ್ಮು 635, ನನ್ನದು 622. 13 ಮಿ.ಮೀ. ವ್ಯತ್ಯಾಸವನ್ನು ಟ್ಯೂಬು ಹೇಗೋ ಸಹಿಸಿಕೊಂಡೀತು, ಟೈರಾದರೆ ಕೂರುವುದೇ ಇಲ್ಲ. ಅಂದಿನಿಂದ ಕೊನೆಯ ಅಂಕಿಯನ್ನಷ್ಟೇ ನೋಡುತ್ತೇನೆ: 37 ಟೈರಿನ ಅಗಲ, 622 ಟೈರು ಕೂರುವಲ್ಲಿ ರಿಮ್ಮಿನ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ.

ವ್ಯಾಸ ಗೊತ್ತಾಯಿತು, ಅಗಲದ ಗೊಂದಲ ಉಳಿಯಿತು. ಹಾಗಾಗಿ ಒಂದೇ ಚಕ್ರ, ಒಂದೇ ಟೈರು, 60 ಪಿಎಸ್ಐ ಗಾಳಿ ಇಟ್ಟುಕೊಂಡು ಮೂರು ಟ್ಯೂಬುಗಳನ್ನು ಒಂದಾದ ಮೇಲೊಂದು ಓಡಿಸಿ ನೋಡಿದೆ.

ಮೊದಲನೆಯದು ರೋಡ್ ಬೈಕ್ (ಸಪೂರ ಟೈರಿನ ರೇಸ್ ಸೈಕಲ್) ಓಡಿಸುವ ಗೆಳೆಯ ಕೊಟ್ಟ 700×28-32, ಅಂದರೆ 28ರಿಂದ 32 ಮಿ.ಮೀ. ಅಗಲದ ಟೈರಿಗೆ ಆಗುವಂಥದ್ದು. ಅಡುಗೆಮನೆ ತಕ್ಕಡಿಯಲ್ಲಿ 120 ಗ್ರಾಂ. ಟೈರಿನೊಳಗೆ ಸಲೀಸಾಗಿ ಹೋಯಿತು, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಆದರೆ ಅದರದ್ದು ತೆಳ್ಳಗಿನ ಪ್ರೆಸ್ಟಾ ವಾಲ್ವು. ಅದಕ್ಕೆ 6.5 ಮಿ.ಮೀ. ತೂತು ಸಾಕು, ನನ್ನ ರಿಮ್ಮಿನ ತೂತು 8.5. ಗಾಳಿ ಹೊಡೆಯುವಾಗೆಲ್ಲ ವಾಲ್ವು ತಲೆ ಅಲ್ಲಾಡಿಸುತ್ತಿತ್ತು, ಪುಟ್ಟದೊಂದು ಬಳೆ ಸಿಕ್ಕಿಸಿದ ಮೇಲೆ ಸುಮ್ಮನಾಯಿತು. (ಸಣ್ಣ ತೂತಿನ ರಿಮ್ಮಿಗೆ ಬೈಕಿನ ಥರದ ದಪ್ಪ ಶ್ರೇಡರ್ ವಾಲ್ವು ಹೋಗುವುದೇ ಇಲ್ಲ. ಡ್ರಿಲ್ ಹಿಡಿಯಬೇಡಿ.) ಟ್ಯೂಬು ತನ್ನ ಅಳತೆ ಮೀರಿ ಹಿಗ್ಗಿದರೆ ರಬ್ಬರು ತೆಳುವಾಗುತ್ತದೆ. ಸೋಮವಾರ 60 ಇದ್ದದ್ದು ಶನಿವಾರ 45. ಒಂದು ಜಾಲಿಮುಳ್ಳಿಗೆ ಹಾಕಿದ ಪ್ಯಾಚೂ ಅಂಚಿನಲ್ಲಿ ಎದ್ದು ಬಂತು.

ಎರಡನೆಯದು ನನ್ನ ಅತಿಬುದ್ಧಿ: 29×1.9-2.3, ಇದರಲ್ಲಿ ಅಗಲವೂ ಇಂಚಿನಲ್ಲಿ. ಎಂಟಿಬಿಯ (ಗುಡ್ಡಗಾಡಿನ ದಪ್ಪ ಟೈರಿನ ಸೈಕಲ್ಲಿನ) 29 ಇಂಚೂ 622 ರಿಮ್ಮೇ ತಾನೇ, ದಪ್ಪಗಿದ್ದರೆ ಮುಳ್ಳಿಗೆ ಜಗ್ಗುವುದಿಲ್ಲ ಅಂದುಕೊಂಡೆ. 210 ಗ್ರಾಂ. ಒಳಗೆ ತುರುಕುವಷ್ಟರಲ್ಲೇ ಹೆಬ್ಬೆರಳು ಸೋತವು. 40 ಪಿಎಸ್ಐ ದಾಟಿದ್ದೇ ತಡ, ಟೈರಿನ ಅಂಚು ಒಂದು ಕಡೆ ಎದ್ದು, ಕಪ್ಪು ಗುಳ್ಳೆಯೊಂದು ಹೊರಗೆ ಇಣುಕಿತು. ಬಿಡೋಣ ಅನ್ನುವಷ್ಟರಲ್ಲಿ ಢಂ! ಪಕ್ಕದ ಮನೆಯ ಅಜ್ಜಿ ಸಿಲಿಂಡರ್ ಸಿಡಿಯಿತು ಅಂತ ಓಡಿಬಂದರು. ಟೈರಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿಕೊಂಡಿತ್ತು. ಹಟಕ್ಕೆ ಬಿದ್ದು ಅದೇ ಅಳತೆಯ ಇನ್ನೊಂದು ತಂದು, ಪೌಡರ್ ಹಚ್ಚಿ ಕೂರಿಸಿದೆ. ಮೂರು ವಾರ ಓಡಿತು, ಆಮೇಲೆ ಮುಳ್ಳೂ ಇಲ್ಲ, ಮೊಳೆಯೂ ಇಲ್ಲ, ಪಂಚರ್. ನೀರಿನ ಬೋಗುಣಿಯಲ್ಲಿ ಅದ್ದಿದರೆ ಒಂದು ಗೆರೆಯುದ್ದಕ್ಕೂ ಸಾಸಿವೆ ಗಾತ್ರದ ಗುಳ್ಳೆಗಳು. ಒಳಗೆ ಮಡಚಿಕೊಂಡ ಜಾಗದಲ್ಲೇ ರಬ್ಬರು ಉಜ್ಜಿ ಸವೆದಿತ್ತು. ಚಿಕ್ಕ ಟ್ಯೂಬು ಹಿಗ್ಗಿಯಾದರೂ ಹೊಂದಿಕೊಳ್ಳುತ್ತದೆ, ದೊಡ್ಡದಕ್ಕೆ ಕುಗ್ಗಲು ಬರುವುದಿಲ್ಲ.

ಮೂರನೆಯದು 700×35-43, ಶ್ರೇಡರ್ ವಾಲ್ವು, 160 ಗ್ರಾಂ. ಇದರ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಹೊಗಳಿಕೆ ಅಂತಲೇ ತಿಳಿಯಿರಿ. ಹಾಕುವ ಮುಂಚೆ ಉಂಗುರದ ಆಕಾರ ಬರುವಷ್ಟು ಗಾಳಿ ತುಂಬಿಕೊಂಡೆ, ಮಡಿಕೆ ಬೀಳಲಿಲ್ಲ. ವಾರದ ಕೊನೆಗೆ 53. ಪೆಟ್ರೋಲ್ ಬಂಕಿನಲ್ಲೂ ಗಾಳಿ ಹೊಡೆಸಬಹುದು, ಗೇಜಿನ ಮೇಲೆ ಕಣ್ಣಿರಲಿ, ಅಲ್ಲಿನ ಯಂತ್ರಕ್ಕೆ ಸೈಕಲ್ ಟ್ಯೂಬು ಒಂದು ಗುಟುಕು.

ಹಿಂದಿನ ಚಕ್ರದಲ್ಲಿ ಈಗ ಅದೇ ಇದೆ. ಸೀಟಿನ ಕೆಳಗಿನ ಚೀಲದಲ್ಲಿ ಬಳೆ ಸಮೇತ 28-32. ಚಿಕ್ಕದಾಗಿ ಸುತ್ತಿಟ್ಟರೆ ಮುಷ್ಟಿಯೊಳಗೆ ಸೇರುತ್ತದೆ, ದಾರಿಯಲ್ಲಿ ಕೈಕೊಟ್ಟರೆ ಮನೆ ಮುಟ್ಟಿಸಲು ಧಾರಾಳ ಸಾಕು. 29ರದ್ದನ್ನು ಉದ್ದಕ್ಕೆ ಸೀಳಿ ಕ್ಯಾರಿಯರಿಗೆ ಸಾಮಾನು ಕಟ್ಟುವ ರಬ್ಬರು ಮಾಡಿಕೊಂಡಿದ್ದೇನೆ.