ಇಎಸ್‌ಐ, ಫುಲೆ ಕಾರ್ಡ್, ಪಾಲಿಕೆ ಆಸ್ಪತ್ರೆ: ಎರಡು ಹೆರಿಗೆಯ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನಾನು ಇಎಸ್‌ಐ ಪಾರ್ಟಿ, ಅಂದರೆ ಪಗಾರದಿಂದ ವಂತಿಗೆ ಕಟ್ ಆಗುವ ನೌಕರರ ರಾಜ್ಯ ವಿಮೆಯ ಕಡೆ. ಮುಂಬಯಿಯಲ್ಲಿ ಎರಡು ಹೆರಿಗೆ ಆಗಿವೆ. 2019ರಲ್ಲಿ ಮಗಳು ಪಾಲಿಕೆ ಆಸ್ಪತ್ರೆಯಲ್ಲಿ ಹುಟ್ಟಿದಳು, 2023ರಲ್ಲಿ ಮಗ ಇಎಸ್‌ಐ ಆಸ್ಪತ್ರೆಯಲ್ಲಿ ಹುಟ್ಟಿದ. ನಡುವೆ ಮಹಾರಾಷ್ಟ್ರ ಸರ್ಕಾರದ ಪುಕ್ಕಟೆ ಚಿಕಿತ್ಸೆಯ ಮಹಾತ್ಮ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆಯ ಹಿಂದೆ ಬಿದ್ದು ಚಪ್ಪಲಿ ಸವೆಸಿದ್ದೇನೆ. ಮನೆಯಲ್ಲಿ ಅದಕ್ಕೆ ನಾವು ಫುಲೆ ಕಾರ್ಡ್ ಅಂತಲೇ ಹೇಳುವುದು. ಹೋದ ತಿಂಗಳು ನಮ್ಮ ಚಾಳಿನ ಹುಡುಗಿಯೊಬ್ಬಳು, ನಮ್ಮ ಗದಗಿನ ಕಡೆಯವಳೇ, ಮೂರು ತಿಂಗಳ ಬಸುರಿ, "ಅಕ್ಕಾ, ಯಾವುದು ಮಾಡಿಸ್ಲಿ?" ಅಂತ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪಾಲಿಕೆ ಆಸ್ಪತ್ರೆ ವಿಮೆ ಅಲ್ಲ, ನಿಜ. ಆದರೆ 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ ಎಲ್ಲ ಪುಕ್ಕಟೆ. ಊಟವೂ ಪುಕ್ಕಟೆ, ಸಾದಾ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ. ನನ್ನ ಹೆರಿಗೆಗೂ ದುಡ್ಡು ಹೋಗಲಿಲ್ಲ. ಒಂದೇ ಮಂಚದಲ್ಲಿ ಇಬ್ಬರು ಬಾಣಂತಿಯರು ಮಲಗಿದೆವು, ಅದನ್ನೂ ನಡೆಸಿಕೊಂಡೆ. ತಾಪತ್ರಯ ಶುರುವಾಗಿದ್ದು ಮಗುವಿನಿಂದ. 1.9 ಕೆಜಿ ತೂಕ, ಉಸಿರಾಟ ಸರಿ ಇಲ್ಲ, ಅಲ್ಲಿನ ಎನ್‌ಐಸಿಯುನಲ್ಲಿ (ಹಸುಗೂಸುಗಳ ತುರ್ತು ಘಟಕ) ಜಾಗ ಇಲ್ಲ. ಫುಲೆ ಯೋಜನೆ ಇರುವ ಒಂದು ಖಾಸಗಿ ಆಸ್ಪತ್ರೆಗೆ ಒಯ್ಯಿರಿ ಅಂದರು.

ಅಲ್ಲಿ ಆರೋಗ್ಯಮಿತ್ರರ, ಅಂದರೆ ಯೋಜನೆಯ ಕಾಗದಪತ್ರ ನೋಡುವವರ, ಟೇಬಲ್ಲಿಗೆ ಹೋದರೆ ಅವರು ಕೇಳಿದ ಮೊದಲ ಮಾತು, "ರೇಷನ್ ಕಾರ್ಡ್ ಕುಠೆ ಆಹೇ?" ಕಾರ್ಡ್ ಎಲ್ಲಿದೆ ಅಂತ. ನಮ್ಮ ಹತ್ತಿರ ರೇಷನ್ ಕಾರ್ಡ್ ಇಲ್ಲ ಅಂತಲ್ಲ, ಎರಡೆರಡು ಇತ್ತು. ನನ್ನ ಹೆಸರು ಗದಗಿನಲ್ಲಿ ಅಪ್ಪನ ಬಿಪಿಎಲ್ ಕಾರ್ಡಿನಲ್ಲಿ, ಗಂಡನ ಹೆಸರು ವಿಜಯಪುರ ಜಿಲ್ಲೆಯಲ್ಲಿ ಮಾವನ ಕಾರ್ಡಿನಲ್ಲಿ. ಎರಡೂ ಕರ್ನಾಟಕದವು. ಅವರಿಗೆ ಬೇಕಿದ್ದದ್ದು ಮಹಾರಾಷ್ಟ್ರದಲ್ಲಿ ಕಡಿಮೆ ಆದಾಯದವರಿಗೆ ಕೊಡುವ ಹಳದಿ ಇಲ್ಲಾ ಕೇಸರಿ ಕಾರ್ಡ್. ಆರು ದಿನಕ್ಕೆ 46,000 ರೂಪಾಯಿ ಬಿಲ್ ಆಯಿತು. ಗಂಡ ಹೋಟೆಲ್ ಮಾಲೀಕರ ಹತ್ತಿರ ಅಡ್ವಾನ್ಸ್ ತಗೊಂಡರು, ನನ್ನ ಬೋರಮಾಳ ಸರ ಒತ್ತೆಗೆ ಹೋಯಿತು.

ಮಗಳು ಬದುಕಿದಳು. ನಾನು ಹಟ ಹಿಡಿದೆ, ಇಲ್ಲಿನ ಕಾರ್ಡ್ ಮಾಡಿಸಿಯೇ ತೀರುತ್ತೇನೆ ಅಂತ.

ಇಲ್ಲಿ ಕಾರ್ಡ್ ಬೇಕೆಂದರೆ ಊರಿನ ಕಾರ್ಡಿನಿಂದ ಹೆಸರು ತೆಗೆಸಿದ ಪತ್ರ ಬೇಕು. ಗದಗ ಎಕ್ಸ್‌ಪ್ರೆಸ್ ಹತ್ತಿ ಕೂಸನ್ನು ಕಟ್ಟಿಕೊಂಡು ಊರಿಗೆ ಹೋದೆ. ಅವ್ವ "ಹೆಸರು ತಗಿಸಿದರ ನಿನ್ನ ಪಾಲಿನ ಅಕ್ಕಿನೂ ಹೋಗ್ತದಲ್ಲ ಯವ್ವಾ" ಅಂತ ಒಂದು ದಿನ ಪೂರ್ತಿ ಗೊಣಗಿದಳು. ಪತ್ರ ಸಿಕ್ಕಿತು, ಕನ್ನಡದಲ್ಲಿ. ಇಲ್ಲಿ ರೇಷನಿಂಗ್ ಆಫೀಸಿನ ಮೇಡಮ್ ಅದನ್ನು ಉಲ್ಟಾ ಸೀದಾ ತಿರುಗಿಸಿ ನೋಡಿ ವಾಪಸ್ ನೂಕಿದರು. ಮರಾಠಿಯಲ್ಲಿ ಬೇಕಂತೆ. ಪಾಲಿಕೆಯ ಕನ್ನಡ ಶಾಲೆಯ ಟೀಚರ್ ಒಬ್ಬರ ಕೈಕಾಲು ಹಿಡಿದು ಅನುವಾದ ಮಾಡಿಸಿದೆ. ಆಮೇಲೆ ವಿಜಯಪುರದ ಪತ್ರ. ಆಮೇಲೆ ಮನೆ ಮಾಲೀಕರ ಒಪ್ಪಿಗೆ ಪತ್ರ. ಬಾಡಿಗೆ ತಗೊಳ್ಳುವಾಗ ನಗುವ ಮನುಷ್ಯ, ಸಹಿ ಅಂದ ತಕ್ಷಣ ಊರಿಗೇ ಹೋಗಿಬಿಟ್ಟಿರುತ್ತಿದ್ದರು. ಲೈಟ್ ಬಿಲ್ಲೂ ಅವರ ಹೆಸರಿನಲ್ಲೇ. ನಡುವೆ ಲಾಕ್‌ಡೌನ್ ಬಂತು, ಆಫೀಸೇ ಮುಚ್ಚಿತು.

ಅಂತೂ 2021ರಲ್ಲಿ ಕಾರ್ಡ್ ಕೈಗೆ ಬಂತು. ಬಿಳಿ ಕಾರ್ಡ್! ವರ್ಷದ ಆದಾಯ 1 ಲಕ್ಷ ದಾಟಿದರೆ ಇಲ್ಲಿ ಬಿಳಿಯೇ. ಗಂಡನ ಪಗಾರ ತಿಂಗಳಿಗೆ 12,000, ಕೂಡಿಸಿ ನೋಡಿ. ಕೋವಿಡ್ ಹೊತ್ತಿನ ತಾತ್ಕಾಲಿಕ ಸವಲತ್ತು ಬಿಟ್ಟರೆ ಬಿಳಿ ಕಾರ್ಡಿಗೆ ಆಗ ಮುಂಬಯಿಯಲ್ಲಿ ಫುಲೆ ಯೋಜನೆ ಇರಲಿಲ್ಲ. ಗಂಡ ಎರಡು ದಿನ ನನ್ನ ಮುಖ ನೋಡಲು ಹೆದರಿದರು.

ಜುಲೈ 2024ರಿಂದ ಕಥೆ ಬದಲಾಗಿದೆ. ಈಗ ಬಣ್ಣ ಯಾವುದೇ ಇರಲಿ, ಮಹಾರಾಷ್ಟ್ರದ ರೇಷನ್ ಕಾರ್ಡೋ ಡೊಮಿಸೈಲ್ ಸರ್ಟಿಫಿಕೇಟೋ (ಇಲ್ಲಿನ ಕಾಯಂ ವಾಸದ ಪತ್ರ) ಇದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಮೊದಲು ಒಂದೂವರೆ ಲಕ್ಷ ಇತ್ತು. ಹಾಗಾಗಿ ಊರಿನ ಕಾರ್ಡಿನಲ್ಲೇ ಹೆಸರು ಇಟ್ಟುಕೊಂಡವರು ಮಗು ಹುಟ್ಟುವ ತನಕ ಕಾಯಬೇಡಿ. ಒಂದು ದೇಶ ಒಂದು ರೇಷನ್ ಕಾರ್ಡ್ ಇದೆಯಲ್ಲ ಅಂತ ನನಗೂ ಒಬ್ಬರು ಹೇಳಿದ್ದರು. ಅದು ಅಕ್ಕಿ ಗೋಧಿಗೆ ಮಾತ್ರ, ಆಸ್ಪತ್ರೆಗೆ ಅಲ್ಲ.

ಫುಲೆ ಕಾರ್ಡ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಪುಣೆಯ ಭೋಸರಿಯಲ್ಲಿರುವ ನನ್ನ ಅಕ್ಕನ ಮಗನಿಗೆ ಹೃದಯದಲ್ಲಿ ತೂತು. ಅಂಗನವಾಡಿಗೆ ಬಂದ ಡಾಕ್ಟರ್ ತಂಡ ಎದೆಗೆ ಸ್ಟೆತೊಸ್ಕೋಪ್ ಇಟ್ಟು ಕಂಡುಹಿಡಿಯಿತು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅದು, ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ ತಪಾಸಣೆ ಮಾಡುತ್ತದೆ. ಅಕ್ಕನ ಹತ್ತಿರ ಕೇಸರಿ ಕಾರ್ಡ್ ಇತ್ತು. ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಬಿಲ್ ಸೊನ್ನೆ. ಭಾವ ಈಗಲೂ ಆ ಕಾರ್ಡನ್ನು ದೇವರ ಜಗುಲಿಯಲ್ಲಿ ಇಡುತ್ತಾರೆ.

ಆದರೆ ಮಕ್ಕಳ ಖರ್ಚು ಬರುವುದು ಆಪರೇಷನ್ ರೂಪದಲ್ಲಲ್ಲ. ಕೆಮ್ಮು, ಜ್ವರ, ಭೇದಿ, ಕಿವಿ ನೋವು. ಒಂದೊಂದು ಸಲಕ್ಕೆ 700, 800 ರೂಪಾಯಿ. ಫುಲೆ ಕಾರ್ಡ್ ಪಟ್ಟಿಯಲ್ಲಿರುವ ಚಿಕಿತ್ಸೆಗೆ, ಅದೂ ಅಡ್ಮಿಟ್ ಆದರೆ ಮಾತ್ರ. ಸಾದಾ ಹೆರಿಗೆ ಪಟ್ಟಿಯಲ್ಲಿ ಇಲ್ಲ, ಸರ್ಕಾರಿ ಆಸ್ಪತ್ರೆಗೇ ಹೋಗಿ ಅಂತ ಆರೋಗ್ಯಮಿತ್ರರೇ ನನಗೆ ಹೇಳಿದ್ದರು.

2021ರ ಕೊನೆಗೆ ಮಲಾಡಿನ ಒಂದು ಪ್ಯಾಕಿಂಗ್ ಯೂನಿಟ್ಟಿನಲ್ಲಿ ಬಿಲ್ಲಿಂಗ್ ಕೆಲಸ ಸಿಕ್ಕಿತು. ಎರಡನೆಯ ಬಸಿರಿನ ಹೊತ್ತಿಗೆ ಪಗಾರ 19,500. ಇಎಸ್‌ಐಗೆ ನನ್ನಿಂದ ಶೇ 0.75 ಕಟ್, ತಿಂಗಳಿಗೆ 147 ರೂಪಾಯಿ. ಮಾಲೀಕರದ್ದು ಶೇ 3.25. ನನ್ನ 147ಕ್ಕೆ ಏನೇನು ಬಂತು ನೋಡಿ. ಒಂಬತ್ತು ತಿಂಗಳ ತಪಾಸಣೆ, ಸೋನೋಗ್ರಫಿ, ಸಿಸೇರಿಯನ್, ಐದು ದಿನ ಆಸ್ಪತ್ರೆ. ಮಗನಿಗೆ ಕಾಮಾಲೆ ಅಂತ ಎರಡು ದಿನ ನೀಲಿ ಲೈಟಿನ ಕೆಳಗೆ ಇಟ್ಟರು, ಅದೂ ಅದರಲ್ಲೇ. ಕೈಯಿಂದ ಹೋಗಿದ್ದು ರಿಕ್ಷಾ ಬಾಡಿಗೆ ಮತ್ತು ಅವ್ವನ ಚಹಾ. ಇದೆಲ್ಲದರ ಮೇಲೆ 26 ವಾರದ ಪೂರ್ತಿ ಪಗಾರ ಇಎಸ್‌ಐನಿಂದಲೇ ಬ್ಯಾಂಕಿಗೆ ಬಂತು. ದಿನಕ್ಕೆ 650ರಂತೆ 182 ದಿನ, 1,18,300 ರೂಪಾಯಿ. ಅದರಲ್ಲೇ ಬೋರಮಾಳ ಬಿಡಿಸಿಕೊಂಡೆ.

ಹೆರಿಗೆಯ ಹಿಂದಿನ ಎರಡು ಕಾಂಟ್ರಿಬ್ಯೂಷನ್ ಅವಧಿಯಲ್ಲಿ (ವಂತಿಗೆಯ ಆರಾರು ತಿಂಗಳ ಲೆಕ್ಕ, ಏಪ್ರಿಲ್ ಮತ್ತು ಅಕ್ಟೋಬರ್‌ನಿಂದ ಶುರು) 70 ದಿನದ ವಂತಿಗೆ ಕಟ್ಟಿರಬೇಕು, ಅಷ್ಟೇ ಷರತ್ತು. ಪಗಾರ ಸಿಗುವುದು ನಿಮ್ಮ ಹೆಸರಲ್ಲೇ ಇಎಸ್‌ಐ ಇದ್ದರೆ ಮಾತ್ರ. ಗಂಡನ ಇಎಸ್‌ಐನಲ್ಲಿ ನೀವಿದ್ದರೆ ಚಿಕಿತ್ಸೆ ಉಂಟು, ಪಗಾರ ಇಲ್ಲ.

ತಕರಾರು ಇಲ್ಲವೇ? ಇದೆ. ಇಎಸ್‌ಐ ಗೊತ್ತುಮಾಡಿದ ಪ್ಯಾನೆಲ್ ಡಾಕ್ಟರ ಹತ್ತಿರ ಕ್ಯೂ ಉದ್ದ. ಒಳ್ಳೆಯ ಸಿರಪ್ಪು ಆಗಾಗ ಸ್ಟಾಕ್ ಇರುವುದಿಲ್ಲ. ಶನಿವಾರ ಹೋಗಲೇಬೇಡಿ. ಹೆರಿಗೆ ಆದ ಮೇಲೆ ಮಗುವಿನ ಹೆಸರು ಸೇರಿಸಲು ಆಫೀಸಿನ ಅಕೌಂಟೆಂಟ್ ಬೆನ್ನು ಬೀಳಬೇಕು.

ಬಸುರಿ ಬಾಣಂತಿಯರಿಗೆ ಕೇಂದ್ರ ಸರ್ಕಾರ ಕೊಡುವ ಮಾತೃ ವಂದನಾ ಯೋಜನೆಯ 5,000 ರೂಪಾಯಿ ಮಗಳ ಹೆರಿಗೆಗೆ ಬಂತು, ಮೂರು ಕಂತಿನಲ್ಲಿ, ಕೊನೆಯದು ಅವಳು ನಡೆಯುವ ಹೊತ್ತಿಗೆ. ಲಸಿಕೆ ಎಲ್ಲೇ ಹೆತ್ತರೂ ಪಾಲಿಕೆಯ ಹೆಲ್ತ್ ಪೋಸ್ಟಿನಲ್ಲೇ ಹಾಕಿಸಿ, ಪುಕ್ಕಟೆ. ಖಾಸಗಿ ವಿಮೆಯ ಏಜೆಂಟ್ ಹೆರಿಗೆಗೆ ಮೂರು ವರ್ಷ ಕಾಯಬೇಕು ಅಂದರು. ಎದ್ದು ಬಂದೆ.

ಇಎಸ್‌ಐನ ನಿಜವಾದ ಮುಳ್ಳು ಒಂದೇ, ಪಗಾರ 21,000 ದಾಟಬಾರದು. ಈ ಸಲ ಮಾಲೀಕರು ಏಪ್ರಿಲ್‌ನಿಂದ 21,500 ಮಾಡುತ್ತೇನೆ ಅಂದರು. ಏಪ್ರಿಲ್ ಅಂದರೆ ಹೊಸ ಅವಧಿಯ ಮೊದಲ ತಿಂಗಳು, ಆಗಲೇ ದಾಟಿದರೆ ಹೊರಗೆ. ಮೇ ತಿಂಗಳಲ್ಲಿ ದಾಟಿದರೆ ಸೆಪ್ಟೆಂಬರ್ ಕೊನೆಯವರೆಗೆ ವಂತಿಗೆ ನಡೆಯುತ್ತದೆ, ಅದರ ಲಾಭ ಮುಂದಿನ ಜನವರಿಯಿಂದ ಜೂನ್‌ವರೆಗೆ. ಅದಾದ ಮೇಲೆ ಬಿಳಿ ಕಾರ್ಡ್ ಹೇಗೂ ಇದೆ. ಹಾಗಾಗಿ "ಸರ್, ಒಂದು ತಿಂಗಳು ತಡೆದು ಮೇನಿಂದ ಕೊಡಿ" ಅಂದೆ. ಪಗಾರ ಈಗಲೇ ಬೇಡ ಅನ್ನುವವಳನ್ನು ಅವರು ನೋಡಿರಲಿಲ್ಲ. ನಕ್ಕರು, ಆದರೆ ಡೈರಿಯಲ್ಲಿ ಮೇ ಅಂತಲೇ ಬರೆದುಕೊಂಡರು.