ಸಾದಾ ಬಿಯರ್, ಹಣ್ಣಿನ ಬಿಯರ್, ಸಿಹಿತಿಂಡಿ ಬಿಯರ್: ಬೆಳಗಾವಿಯಲ್ಲಿ ಎದುರುಬದುರು ಇಟ್ಟು ನೋಡಿದ್ದು

ಕ್ರಾಫ್ಟ್ ಬ್ರೂವರಿಗಳ, ಅಂದರೆ ಸಣ್ಣ ಪ್ರಮಾಣದಲ್ಲಿ ಬಿಯರ್ ಮಾಡುವವರ ಪಟ್ಟಿಯಲ್ಲಿ ಈಗ ಸಾದಾ ಬಿಯರ್ ಹುಡುಕಬೇಕಾಗಿದೆ. ಮಾವಿನಹಣ್ಣಿನ ಗೋಧಿ ಬಿಯರ್, ಪೇರಲದ ಹುಳಿ ಬಿಯರ್, ವೆನಿಲಾ ಹಾಕಿದ ಸ್ಟೌಟ್ (ಹುರಿದ ಬಾರ್ಲಿಯ ಕಪ್ಪು ಬಿಯರ್), ಹಣ್ಣಿನ ರಸದಂತೆ ಮಬ್ಬಾಗಿ ಕಾಣುವ ಐಪಿಎ (ಇಂಡಿಯಾ ಪೇಲ್ ಏಲ್, ಹಾಪ್ಸ್ ಹೂವು ಹೆಚ್ಚು ಹಾಕಿದ ಬಿಯರ್) ಹೀಗೆ ಸಾಲು ಬೆಳೆಯುತ್ತಲೇ ಇದೆ. ತಣ್ಣಗೆ ಹುದುಗಿಸಿ ಮಾಗಿಸಿದ ಸಾದಾ ಲಾಗರ್‌ಗಿಂತ ಒಂದೂವರೆ ಪಟ್ಟು, ಕೆಲವಕ್ಕೆ ಎರಡು ಪಟ್ಟು ಬೆಲೆ. ಆ ಹೆಚ್ಚಿನ ದುಡ್ಡಿಗೆ ಗ್ಲಾಸಿನಲ್ಲಿ ಏನು ಬರುತ್ತದೆ ಎಂದು ನೋಡಲು ಪ್ರತಿ ಬಗೆಯಲ್ಲೂ ಮೂರು ಗ್ಲಾಸ್ ಇಟ್ಟೆವು: ಒಂದರಲ್ಲಿ ಸಾದಾ ಬಿಯರ್, ಇನ್ನೊಂದರಲ್ಲಿ ಬ್ರೂವರಿಯೇ ಫ್ಲೇವರ್ ಹಾಕಿ ಮಾರುವುದು, ಮೂರನೆಯದರಲ್ಲಿ ಸಾದಾ ಬಿಯರ್‌ಗೆ ನಾವೇ ಅದೇ ರುಚಿ ಬೆರೆಸಿದ್ದು.

ಫಲಿತಾಂಶ ಮೊದಲೇ ಹೇಳಿಬಿಡುತ್ತೇವೆ. ಮೊದಲ ಎರಡು ಗುಟುಕಿಗೆ ಫ್ಲೇವರ್ ಬಿಯರ್ ಗೆಲ್ಲುತ್ತದೆ. ಗ್ಲಾಸ್ ಅರ್ಧಕ್ಕಿಳಿಯುವ ಹೊತ್ತಿಗೆ ಸಾದಾ ಬಿಯರ್ ಗೆಲ್ಲುತ್ತದೆ. ಇದಕ್ಕೆ ಹೊರತಾಗಿದ್ದು ಲಿಂಬೆ ಒಂದೇ.

ಸಾಬೂನಿನ ಅಂಶ ಉಳಿದ ಗ್ಲಾಸಿನಲ್ಲಿ ನೊರೆ ನಿಲ್ಲುವುದಿಲ್ಲ, ಆಗ ಹೋಲಿಕೆಯೇ ಕೆಡುತ್ತದೆ. ಗ್ಲಾಸುಗಳನ್ನು ಬಿಸಿನೀರಿನಲ್ಲಿ ಮೂರು ಸಲ ಜಾಲಿಸಿ, ಬಟ್ಟೆಯಲ್ಲಿ ಒರೆಸದೆ ಬೋರಲು ಹಾಕಿ ಒಣಗಿಸಬೇಕು. ಪ್ರತಿ ಗ್ಲಾಸಿಗೆ 60 ಮಿಲಿ ಸಾಕು. ತಳಕ್ಕೆ ನಂಬರಿನ ಚೀಟಿ ಅಂಟಿಸಿ, ಸುರಿದವರು ಬೇರೆ, ಕುಡಿಯುವವರು ಬೇರೆ ಆಗಿರಬೇಕು. ಒಮ್ಮೆ ಕುಡಿದು, 20 ನಿಮಿಷ ಬಿಟ್ಟು ಬಿಯರ್ ಸ್ವಲ್ಪ ಬೆಚ್ಚಗಾದ ಮೇಲೆ ಮತ್ತೊಮ್ಮೆ ಕುಡಿಯಬೇಕು. ತೀರಾ ತಣ್ಣಗಿರುವಾಗ ನಾಲಿಗೆಗೆ ಸಿಹಿಯೂ ದೋಷವೂ ಸರಿಯಾಗಿ ತಿಳಿಯುವುದಿಲ್ಲ. ಗ್ಲಾಸಿನಿಂದ ಗ್ಲಾಸಿಗೆ ಹೋಗುವಾಗ ಬಾಯಿ ತೊಳೆಯಲು ನೀರು, ಜೊತೆಗೆ ಉಪ್ಪು ಹಾಕದ ಕಡಕ್ ಜೋಳದ ರೊಟ್ಟಿಯ ಒಂದು ಚೂರು. ಇದಕ್ಕಿಂತ ಒಳ್ಳೆಯದು ನಮಗೆ ಸಿಗಲಿಲ್ಲ. ಬಿಸ್ಕಿಟ್‌ನಲ್ಲಿ ಸಕ್ಕರೆ ಇರುತ್ತದೆ, ಬ್ರೆಡ್‌ನಲ್ಲಿ ಈಸ್ಟಿನ ವಾಸನೆ ಇರುತ್ತದೆ. ಶೇಂಗಾ ಚಟ್ನಿ ಮಾತ್ರ ಆ ಹೊತ್ತಿಗೆ ದೂರವೇ ಇರಲಿ.

ಮಾವು

ಜರ್ಮನ್ ಬಗೆಯ ಗೋಧಿ ಬಿಯರ್‌ನಲ್ಲಿ ಬಾಳೆಹಣ್ಣಿನ ಮತ್ತು ಲವಂಗದ ವಾಸನೆ ಇರುತ್ತದೆ. ಬಾಳೆಹಣ್ಣನ್ನೂ ಲವಂಗವನ್ನೂ ಯಾರೂ ಹಾಕಿರುವುದಿಲ್ಲ. ಆ ತಳಿಯ ಈಸ್ಟ್ ಹುದುಗುವಾಗಲೇ ಅವೆರಡನ್ನೂ ಹುಟ್ಟಿಸುತ್ತದೆ. ಹುದುಗುವ ಉಷ್ಣತೆ ಏರಿದರೆ ಬಾಳೆ ಮುಂದಾಗುತ್ತದೆ, ಇಳಿಸಿ ಹಿಡಿದರೆ ಲವಂಗ ಮುಂದಾಗುತ್ತದೆ. ಮಾವು ಸೇರಿಸುವ ಮೊದಲು ಈ ಬಿಯರ್‌ನಲ್ಲಿ ಏನಿದೆ ಎಂಬುದು ಗೊತ್ತಿರಬೇಕು, ಏಕೆಂದರೆ ಮಾವು ಮೊದಲು ನುಂಗುವುದು ಈ ಲವಂಗವನ್ನೇ.

ನಾವು ಬೆರೆಸಿದ್ದು ಬೆಳಗಾವಿ ಮಾರುಕಟ್ಟೆಗೆ ಬರುವ ಆಪೂಸ್. ತಿರುಳನ್ನು ತೆಳು ಬಟ್ಟೆಯಲ್ಲಿ ಹಿಂಡಿ, ಬಿಯರ್‌ನಷ್ಟೇ ತಣ್ಣಗೆ ಮಾಡಿ, 250 ಮಿಲಿಗೆ 10, 20 ಮತ್ತು 30 ಗ್ರಾಂನಂತೆ ಮೂರು ಅಳತೆಯಲ್ಲಿ ಹಾಕಿದೆವು. ತಿರುಳಿನ ಮೇಲೆ ಒಮ್ಮೆಲೇ ಬಿಯರ್ ಸುರಿದರೆ ನೊರೆ ಉಕ್ಕಿ ಮೇಜೆಲ್ಲ ತುಂಬುತ್ತದೆ, ನಾರಿನ ಒಂದೊಂದು ಕಣದ ಮೇಲೂ ಅನಿಲ ಗುಳ್ಳೆ ಕಟ್ಟುತ್ತದೆ. ಎರಡು ಚಮಚ ಬಿಯರ್ ಹಾಕಿ ತಿರುಳನ್ನು ತಿಳಿ ಮಾಡಿಕೊಂಡು, ಉಳಿದದ್ದನ್ನು ಗ್ಲಾಸ್ ಓರೆ ಹಿಡಿದು ನಿಧಾನಕ್ಕೆ ಇಳಿಸಬೇಕು.

10 ಗ್ರಾಂ ಹಾಕಿದ್ದರಲ್ಲಿ ಮಾವು ಇದೆ ಎಂದು ಹೇಳಿದರಷ್ಟೇ ಗೊತ್ತಾಗುವಂತಿತ್ತು. 30 ಗ್ರಾಂನದು ಮಾವಿನ ಶರಬತ್ತು. ಹತ್ತು ನಿಮಿಷದಲ್ಲಿ ತಳದಲ್ಲಿ ಕಿತ್ತಳೆ ಬಣ್ಣದ ಗಸಿ, ಮೇಲೆ ತೆಳ್ಳಗಿನ ಹುಳಿ ನೀರು. 20 ಗ್ರಾಂ ಸರಿಹೋಯಿತು. ಲವಂಗ ಮಸುಕಾದರೂ ಹಿಂದೆ ಉಳಿದಿತ್ತು, ದೇಟಿನ ಬಳಿಯ ಸೊನೆಯ ಆ ಸಣ್ಣ ಘಾಟು ಕೂಡ ಮೂಗಿಗೆ ಬರುತ್ತಿತ್ತು.

ಅಂಗಡಿಯ ಮಾವಿನ ಬಿಯರ್ ಸೋತದ್ದು ಈ ಘಾಟಿನಲ್ಲೇ. ತೆರೆದಾಗ ಘಮಘಮ ಎನ್ನುತ್ತಿತ್ತು. ಆದರೆ ಬೆಚ್ಚಗಾದಂತೆ ಅದೇ ಒಂದು ವಾಸನೆ ಬದಲಾಗದೆ ಜೋರಾಗುತ್ತ ಹೋಗಿ, ಕೊನೆಗೆ ಚಾಕೊಲೇಟ್ ಕಾಗದದಲ್ಲಿ ಸುತ್ತಿದ ಮಾವಿನ ಪೆಪ್ಪರಮಿಂಟಿನಂತಾಯಿತು. ಎಸೆನ್ಸ್ ಗುರುತಿಸುವುದು ಹೀಗೆ. ನಿಜವಾದ ಹಣ್ಣಿನ ವಾಸನೆ ಗ್ಲಾಸಿನಲ್ಲಿ ಬದಲಾಗುತ್ತದೆ, ಕಡಿಮೆಯಾಗುತ್ತದೆ.

ಬ್ರೂವರಿಗಳು ಎಸೆನ್ಸ್‌ಗೆ ಹೋಗುವುದಕ್ಕೆ ಕಾರಣವಿದೆ, ಅದನ್ನೂ ಹೇಳಬೇಕು. ಹುದುಗುತ್ತಿರುವ ಟ್ಯಾಂಕಿಗೆ ತಿರುಳು ಹಾಕಿದರೆ ಈಸ್ಟ್ ಅದರ ಸಕ್ಕರೆಯನ್ನೆಲ್ಲ ತಿಂದುಬಿಡುತ್ತದೆ. ಹೊರಹೋಗುವ ಅನಿಲದ ಜೊತೆ ಪರಿಮಳವೂ ಹೋಗುತ್ತದೆ, ಹುಳಿಯಷ್ಟೇ ಉಳಿಯುತ್ತದೆ. ಹುದುಗಿ ಮುಗಿದ ಮೇಲೆ ಹಾಕಿ ಹಾಗೆಯೇ ತುಂಬಿದರೆ ಅಪಾಯ. ಲೀಟರಿಗೆ 120 ಗ್ರಾಂ ತಿರುಳು, ಅದರಲ್ಲಿ ನೂರಕ್ಕೆ 15 ಪಾಲು ಸಕ್ಕರೆ ಎಂದಿಟ್ಟುಕೊಂಡರೆ 18 ಗ್ರಾಂ ಸಕ್ಕರೆಯಾಯಿತು. ಲೀಟರಿನಲ್ಲಿ 4 ಗ್ರಾಂ ಸಕ್ಕರೆ ಹುದುಗಿದರೆ ಹೆಚ್ಚುಕಡಿಮೆ ಒಂದು ಲೀಟರ್ ಅನಿಲ ಹುಟ್ಟುತ್ತದೆ. ಸಾಮಾನ್ಯ ಬಿಯರ್‌ನಲ್ಲಿ ಲೀಟರಿಗೆ ಸುಮಾರು ಎರಡೂವರೆ ಲೀಟರ್ ಅನಿಲ ಕರಗಿರುತ್ತದೆ, ಅದರ ಮೇಲೆ ಇನ್ನೂ ನಾಲ್ಕೂವರೆ ಸೇರಿದರೆ ಬಾಟಲಿ ಸಿಡಿಯಬಹುದು. ಇದನ್ನು ತಪ್ಪಿಸಲು ಪಾಶ್ಚರೀಕರಣ ಬೇಕು, ಇಲ್ಲವೇ ಈಸ್ಟನ್ನು ಪೂರ್ತಿ ಸೋಸಬೇಕು, ಇಲ್ಲವೇ ಬಾಟಲಿಯನ್ನು ಕುಡಿಯುವವರೆಗೂ ತಣ್ಣಗೇ ಇಡಬೇಕು. ಎಸೆನ್ಸಿನ ಬಾಟಲಿಗೆ ಇದಾವುದೂ ಬೇಕಿಲ್ಲ. ಮನೆಯಲ್ಲಿ ತಿರುಳು ಬೆರೆಸಿದವರಿಗೂ ಇದೇ ಮಾತು: ಉಳಿದದ್ದನ್ನು ಬಾಟಲಿಗೆ ತುಂಬಿ ಬಿರಡೆ ಹಾಕಿ ಇಡಬೇಡಿ. ಸೋಸದ ಗೋಧಿ ಬಿಯರ್‌ನಲ್ಲಿ ಈಸ್ಟ್ ಜೀವಂತವಾಗಿಯೇ ಇರುತ್ತದೆ.

ಲಿಂಬೆ ಮತ್ತು ಹವೀಜ

ಬಿಯರ್‌ಗೆ ಮಸಾಲೆ ಹಾಕುವುದು ಇಂದಿನ ಹುಚ್ಚಲ್ಲ. ಬೆಲ್ಜಿಯಂನ ಬಿಳಿ ಬಿಯರ್‌ಗೆ ಹವೀಜ (ಕೊತ್ತಂಬರಿ ಬೀಜ) ಮತ್ತು ಒಣಗಿಸಿದ ಕಿತ್ತಳೆ ಸಿಪ್ಪೆ ಹಾಕುವುದು ಹಳೆಯ ಪದ್ಧತಿ. ಹೂಗಾರ್ಡನ್ ಊರಿನಲ್ಲಿ ನಿಂತೇ ಹೋಗಿದ್ದ ಆ ಬಿಯರನ್ನು 1960ರ ದಶಕದಲ್ಲಿ ಪಿಯರ್ ಸೆಲಿಸ್ ಮತ್ತೆ ಮಾಡಲು ಶುರುಮಾಡಿದರು. ಅಲ್ಲಿ ಅಳತೆ ಲೀಟರಿಗೆ ಅರ್ಧದಿಂದ ಒಂದೂವರೆ ಗ್ರಾಂ ಹವೀಜ, ಅದೂ ಹುದುಗಿಸುವ ಮೊದಲು ಧಾನ್ಯದ ರಸ ಕುದಿಸುವಾಗ, ಕೊನೆಯ ಹತ್ತು ನಿಮಿಷದೊಳಗೆ. ಕುಡಿದವರಿಗೆ ಹವೀಜ ಎಂದು ಹೆಸರಿಟ್ಟು ಹೇಳಲು ಆಗಬಾರದು, ಬಿಯರ್ ಹಗುರವಾಗಿದೆ ಅನ್ನಿಸಬೇಕು ಅಷ್ಟೇ.

ತಣ್ಣನೆ ಬಿಯರ್‌ಗೆ ಹವೀಜ ಹಾಕಿದರೆ ಪರಿಮಳ ಬೇಗ ಇಳಿಯುವುದಿಲ್ಲ. 1 ಗ್ರಾಂ ಜಜ್ಜಿ, 50 ಮಿಲಿ ಬಿಸಿನೀರಿನಲ್ಲಿ ಐದು ನಿಮಿಷ ಬಿಟ್ಟು, ಸೋಸಿ, ತಣ್ಣಗೆ ಮಾಡಿ, ಆ ಕಷಾಯವನ್ನು 250 ಮಿಲಿಗೆ 10 ಮಿಲಿ ಹಾಕಬೇಕು. 20 ಮಿಲಿ ಹಾಕಿದಾಗ ಸಾಬೂನಿನ ವಾಸನೆ ಬಂತು. ಹುರಿಯಬಾರದು, ಹುರಿದರೆ ಸಾರಿನ ಪುಡಿಯೇ. ಉದ್ದುದ್ದನೆಯ ಹವೀಜದ ಪರಿಮಳ ಬೇರೆ, ದುಂಡಗಿನ ಸಣ್ಣ ಹವೀಜದ ಪರಿಮಳ ಬೇರೆ. ಬೆಳಗಾವಿಯ ರವಿವಾರ ಪೇಟೆಗೆ ಹೋದರೆ ಎರಡನ್ನೂ ಬೆರಳಲ್ಲಿ ಜಜ್ಜಿ ಮೂಸಿ ನೋಡಿ ಆರಿಸಿ.

ಲಿಂಬೆಯಲ್ಲಿ ಬೇಕಾದದ್ದು ರಸವಲ್ಲ, ಸಿಪ್ಪೆ. 5 ಮಿಲಿ ರಸ ಹಾಕಿದ ಗೋಧಿ ಬಿಯರ್‌ ಗ್ಲಾಸಿನಲ್ಲಿ ಹುಳಿ ಬಿಟ್ಟು ಬೇರೇನೂ ಉಳಿಯಲಿಲ್ಲ, ಬಾಳೆಯೂ ಇಲ್ಲ, ಲವಂಗವೂ ಇಲ್ಲ. ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಲಿಂಬೆಯನ್ನು ತೊಳೆದು, ಒಳಗಿನ ಬಿಳಿ ಬರದಂತೆ ತೆಳ್ಳಗೆ ಸಿಪ್ಪೆ ಎತ್ತಿ, ಗ್ಲಾಸಿಗೆ ಅರ್ಧ ಗ್ರಾಂ ಲೆಕ್ಕದಲ್ಲಿ ಹಾಕಿದೆವು. ಹೆಬ್ಬೆರಳಿನ ಉಗುರಿನಷ್ಟು ಅಗಲದ ಎರಡು ಚೂರು. ಬಿಳಿ ಭಾಗ ಬಂದರೆ ಕಹಿ. ಗ್ಲಾಸಿನ ಮೇಲೆ ಸಿಪ್ಪೆಯನ್ನು ಹಿಂಡಿದರೆ ಎಣ್ಣೆಯ ಹನಿ ಬಿದ್ದಲ್ಲೆಲ್ಲ ನೊರೆಗೆ ತೂತು ಬಿದ್ದು ಕುಸಿಯುತ್ತದೆ. ಅದಕ್ಕೆ ಮುಚ್ಚಿದ ಜಗ್ಗಿನಲ್ಲಿ, ಫ್ರಿಜ್ಜಿನೊಳಗೆ, ಹತ್ತು ನಿಮಿಷ ನೆನೆಸಿ, ಸಿಪ್ಪೆ ತೆಗೆದು ಸುರಿಯಬೇಕು. ಸ್ವಲ್ಪ ಅನಿಲ ಹೋಗುತ್ತದೆ, ಹೋಗಲಿ.

ಇಡೀ ಪರೀಕ್ಷೆಯಲ್ಲಿ ಸಾದಾ ಬಿಯರ್ ಪಕ್ಕದಲ್ಲಿ ಕೊನೆಯ ಗುಟುಕಿನವರೆಗೆ ನಿಂತ ಫ್ಲೇವರ್ ಇದೊಂದೇ. ಸಿಹಿ ಸೇರುವುದಿಲ್ಲ, ಬಿಯರ್ ಮಂದವಾಗುವುದಿಲ್ಲ. ಖರ್ಚು ಒಂದು ಲಿಂಬೆಹಣ್ಣು. ಸಿಟ್ರಸ್ ಹೆಸರಿನ ದುಬಾರಿ ಕ್ಯಾನ್ ಇದರ ಮುಂದೆ ಪಾತ್ರೆ ತೊಳೆಯುವ ಪುಡಿಯ ನೆನಪು ತಂದಿತು.

ಸಿಹಿತಿಂಡಿ ಸ್ಟೌಟ್

ಕೇಕು, ಬಿಸ್ಕಿಟ್, ಮಿಠಾಯಿಗಳ ಹೆಸರು ಹೊತ್ತ ಸ್ಟೌಟ್‌ಗಳಲ್ಲಿ ಸಿಹಿ ಬರುವುದು ಮುಖ್ಯವಾಗಿ ಲ್ಯಾಕ್ಟೋಸ್‌ನಿಂದ, ಅಂದರೆ ಹಾಲಿನ ಸಕ್ಕರೆಯಿಂದ. ಬಿಯರ್‌ನ ಈಸ್ಟ್ ಅದನ್ನು ಹುದುಗಿಸಲಾರದು, ಹಾಗಾಗಿ ಹಾಕಿದ್ದೆಲ್ಲ ಉಳಿಯುತ್ತದೆ. ಹಾಲು ಕುಡಿದರೆ ಹೊಟ್ಟೆ ಕೆಡುವವರು ಲೇಬಲ್ಲಿನಲ್ಲಿ ಈ ಹೆಸರನ್ನು ಹುಡುಕಲೇಬೇಕು. ಇನ್ನೊಂದು ಲೆಕ್ಕ: ಇವುಗಳಲ್ಲಿ ಹಲವು ಶೇಕಡಾ 10ರ ಆಸುಪಾಸಿನವು. ಅಂಥ 330 ಮಿಲಿಯಲ್ಲಿ ಇರುವ ಮದ್ಯಸಾರ ಶೇಕಡಾ 5ರ ದೊಡ್ಡ 650 ಮಿಲಿ ಬಾಟಲಿಯಷ್ಟೇ. ಸಿಹಿಯಿಂದಾಗಿ ಅದು ನಾಲಿಗೆಗೆ ಗೊತ್ತಾಗುವುದಿಲ್ಲ.

ಬೆಳಗಾವಿಯಲ್ಲಿ ಕೂತು ಈ ಬಗೆಯನ್ನು ಪರೀಕ್ಷಿಸಿದ ಮೇಲೆ ಕುಂದಾ ಬಿಡಲಾದೀತೇ? ಹದಿನೈದು ಗ್ರಾಂ ಕುಂದಾವನ್ನು ಎರಡು ಚಮಚ ಉಗುರುಬೆಚ್ಚಗಿನ ಸ್ಟೌಟ್‌ನಲ್ಲಿ ಕಿವುಚಿ, 250 ಮಿಲಿ ತಣ್ಣನೆ ಸ್ಟೌಟ್‌ಗೆ ಬೆರೆಸಿದೆವು. ನೊರೆ ಒಂದು ನಿಮಿಷವೂ ನಿಲ್ಲಲಿಲ್ಲ. ಮೇಲೆ ಕೊಬ್ಬಿನ ತೆಳು ಪೊರೆ, ಗ್ಲಾಸಿನ ಗೋಡೆಗೆ ಒಡೆದ ಹಾಲಿನಂಥ ಕಂದು ಚೂರುಗಳು. ಕಾರಣ ಸರಳ. ಹಾಲಿನ ಕೇಸಿನ್ ಪ್ರೋಟೀನು ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.6ರ ಹತ್ತಿರ ಗಟ್ಟಿಯಾಗಿ ಕೂಡಿಕೊಳ್ಳುತ್ತದೆ, ಬಿಯರ್‌ನ ಪಿಎಚ್ ಸಾಮಾನ್ಯವಾಗಿ ಅದಕ್ಕಿಂತ ಕೆಳಗೇ ಇರುತ್ತದೆ. ಕೊಬ್ಬು ನೊರೆಯ ಶತ್ರು. ಖೋವಾದ ಸಿಹಿಯನ್ನು ಬಿಯರ್‌ಗೆ ಹಾಕಲು ಬರುವುದಿಲ್ಲ, ಹಾಕಿದ್ದೇವೆ ಎನ್ನುವಲ್ಲಿ ಇರುವುದು ಲ್ಯಾಕ್ಟೋಸ್, ವೆನಿಲಾ ಮತ್ತು ಎಸೆನ್ಸ್ ಎಂದೇ ತಿಳಿಯಬಹುದು.

ಆದರೆ ಕುಂದಾ ತಟ್ಟೆಯಲ್ಲಿದ್ದು ಸಾದಾ ಸ್ಟೌಟ್ ಗ್ಲಾಸಿನಲ್ಲಿದ್ದಾಗ ಮೂರೂ ಗ್ಲಾಸನ್ನು ಮೀರಿಸಿತು. ಕುಂದಾದ ಕಂದು ಬಣ್ಣ ಹಾಲು ಮತ್ತು ಸಕ್ಕರೆ ಕಾಯುತ್ತ ಕಾಯುತ್ತ ಬಂದದ್ದು, ಸ್ಟೌಟ್‌ನ ಕಪ್ಪು ಹುರಿದ ಬಾರ್ಲಿಯಿಂದ ಬಂದದ್ದು. ಒಂದು ಚೂರು ಬಾಯಲ್ಲಿ ಕರಗಿದ ಮೇಲೆ ಒಂದು ಗುಟುಕು ಕುಡಿದರೆ ಕಹಿ ಸಿಹಿಯನ್ನು ಕೊಯ್ದು ಬಾಯಿ ಸ್ವಚ್ಛ ಮಾಡುತ್ತದೆ. ಸ್ಟೌಟ್ 10ರಿಂದ 12 ಡಿಗ್ರಿಯಲ್ಲಿರಬೇಕು, ಫ್ರಿಜ್ಜಿನಿಂದ ತೆಗೆದು ಕಾಲು ಗಂಟೆ ಹೊರಗಿಡಿ. ಸ್ಟೌಟ್‌ನಲ್ಲೇ ಏನಾದರೂ ಬೆರೆಸಬೇಕೆಂದರೆ ಚಿಕೋರಿ ಇಲ್ಲದ ಕಾಫಿ ಡಿಕಾಕ್ಷನ್ ತಣ್ಣಗೆ ಮಾಡಿ 250 ಮಿಲಿಗೆ 10 ಮಿಲಿ. ಬೆಲ್ಲದ ಬಿಯರ್ ಎಂಬ ಲೇಬಲ್ ನೋಡಿ ಬೆಲ್ಲದ ಸಿಹಿ ನಿರೀಕ್ಷಿಸಬೇಡಿ: ಟ್ಯಾಂಕಿನಲ್ಲಿ ಬೆಲ್ಲ ಹೆಚ್ಚುಕಡಿಮೆ ಪೂರ್ತಿ ಹುದುಗಿ ಮದ್ಯಸಾರವಾಗುತ್ತದೆ, ಬಿಯರ್ ಇನ್ನಷ್ಟು ತೆಳ್ಳಗಾಗುತ್ತದೆ.

ಮಬ್ಬು ಐಪಿಎ

ಇದರ ಹಣ್ಣಿನ ವಾಸನೆ ಬಿಯರ್‌ಗೆ ಕಹಿಯೂ ಪರಿಮಳವೂ ಕೊಡುವ ಹಾಪ್ಸ್ ಹೂವಿನದೇ, ಅದು ಒಳ್ಳೆಯ ಸಂಗತಿ. ತಾಜಾ ಇದ್ದರೆ ದುಡ್ಡಿಗೆ ಮೋಸವಿಲ್ಲ. ಒಂದೇ ದಿನ ತುಂಬಿದ ಎರಡು ಕ್ಯಾನ್‌ಗಳಲ್ಲಿ ಒಂದನ್ನು ಫ್ರಿಜ್ಜಿನಲ್ಲಿ, ಇನ್ನೊಂದನ್ನು ಏಪ್ರಿಲ್‌ನ ಮೂರು ವಾರ ಕಪಾಟಿನಲ್ಲಿ ಇಟ್ಟು ತೆರೆದೆವು. ಫ್ರಿಜ್ಜಿನದು ಹಳದಿ, ಕಪಾಟಿನದು ಬೂದು ಮಿಶ್ರಿತ ಕಂದು, ಒದ್ದೆ ರಟ್ಟಿನ ವಾಸನೆ. ಜೊತೆಗಿಟ್ಟ ಲಾಗರ್ ಅದೇ ಕಪಾಟಿನಲ್ಲಿ ಅಷ್ಟು ಕೆಟ್ಟಿರಲಿಲ್ಲ. ವಿಜಯಪುರ, ಬಾಗಲಕೋಟೆಯ ಬಿಸಿಲಿನಲ್ಲಿ ಹಾದುಬಂದ ಪೆಟ್ಟಿಗೆಯಾದರೆ ಇನ್ನೂ ಬೇಗ. ತುಂಬಿದ ದಿನಾಂಕ ಎರಡು ತಿಂಗಳೊಳಗಿದ್ದು, ಅಂಗಡಿಯ ಫ್ರಿಜ್ಜಿನಿಂದಲೇ ತೆಗೆದುಕೊಟ್ಟರೆ ಮಾತ್ರ ಕೊಳ್ಳಿ.

ಸಾದಾ ಲಾಗರ್

ಬೊಹೆಮಿಯಾದ (ಈಗಿನ ಚೆಕ್ ಗಣರಾಜ್ಯ) ಪಿಲ್ಜೆನ್‌ನಲ್ಲಿ 1842ರಲ್ಲಿ ಜೋಸೆಫ್ ಗ್ರೋಲ್ ಮಾಡಿದ ತಿಳಿ ಹೊಂಬಣ್ಣದ ಬಿಯರ್‌ನ ಸಂತತಿ ಇದು. ಮಿರ್ಚಿ ಭಜಿಯ ಜೊತೆ, ಗಿರ್ಮಿಟ್ ಜೊತೆ ಎರಡನೇ ಗ್ಲಾಸಿಗೂ ಬೇಸರವಾಗದ್ದು ಇದೊಂದೇ. ಬ್ರೂವರಿಗೆ ಮಾತ್ರ ಕಷ್ಟದ್ದು. ತಣ್ಣಗೆ ಹುದುಗಿಸಿ, ಮತ್ತೆ ತಣ್ಣಗೆ ಮಾಗಿಸಲು ಟ್ಯಾಂಕ್ ನಾಲ್ಕರಿಂದ ಆರು ವಾರ ಕಟ್ಟಿಹಾಕಬೇಕು. ಆ ಹೊತ್ತಿನಲ್ಲಿ ಫ್ಲೇವರ್ ಹಾಕಿದ ಏಲ್ (ಬೆಚ್ಚಗೆ, ಬೇಗ ಹುದುಗುವ ಬಿಯರ್) ಎರಡು ಮೂರು ಸಲ ಮಾಡಿ ಮಾರಬಹುದು, ಬೆಲೆಯೂ ಹೆಚ್ಚು. ಪ್ರತಿ ತಿಂಗಳೂ ಹೊಸ ಹಣ್ಣು ಬರುತ್ತಿರುವುದಕ್ಕೆ ಇದು ದೊಡ್ಡ ಕಾರಣ. ಇನ್ನೊಂದು ಕಾರಣ, ಲಾಗರ್‌ನಲ್ಲಿ ತಪ್ಪು ಮುಚ್ಚಲಾಗುವುದಿಲ್ಲ.

ಮುಖ್ಯ ತಪ್ಪು ಮೂರು. ಬೆಣ್ಣೆಯ ವಾಸನೆ ಇದ್ದರೆ ಡಯಾಸಿಟೈಲ್ ಎಂಬ ರಾಸಾಯನಿಕ: ಹುದುಗು ಮುಗಿಯುವ ಹೊತ್ತಿಗೆ ಒಂದೆರಡು ದಿನ 15-18 ಡಿಗ್ರಿಗೆ ಏರಿಸಿ ಈಸ್ಟ್‌ಗೆ ಅದನ್ನು ತಿನ್ನಲು ಬಿಟ್ಟಿಲ್ಲ, ಇಲ್ಲವೇ ನಲ್ಲಿಯ ಪೈಪು ತೊಳೆದಿಲ್ಲ. ಬೇಯಿಸಿದ ಗೋವಿನಜೋಳದ ವಾಸನೆ ಇದ್ದರೆ ಕುದಿ ಸಾಲದು, ಅಥವಾ ಕುದಿಸಿದ್ದನ್ನು ಬೇಗ ತಣಿಸಿಲ್ಲ. ಹಸಿ ಸೇಬಿನ ವಾಸನೆ ಇದ್ದರೆ ಮಾಗುವ ಮೊದಲೇ ಟ್ಯಾಂಕಿನಿಂದ ತೆಗೆದಿದ್ದಾರೆ. ಈ ಮೂರೂ ತಪ್ಪುಗಳನ್ನು ಮಾವು, ವೆನಿಲಾ, ಲ್ಯಾಕ್ಟೋಸ್ ಚೆನ್ನಾಗಿ ಮುಚ್ಚುತ್ತವೆ.

ಹಾಗಾಗಿ ಹೊಸ ಬ್ರೂವರಿಗೆ ಹೋದಾಗ ಮೊದಲು ಅವರ ಲಾಗರ್ ಅಥವಾ ಸಾದಾ ಗೋಧಿ ಬಿಯರ್ 60 ಮಿಲಿ ಕೇಳಿ. ಗ್ಲಾಸನ್ನು ಎರಡೂ ಅಂಗೈಯಲ್ಲಿ ಐದು ನಿಮಿಷ ಹಿಡಿದು ಬೆಚ್ಚಗೆ ಮಾಡಿ, ಗ್ಲಾಸಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ ಒಮ್ಮೆ ಅಲುಗಿಸಿ, ತೆರೆದು ಮೂಸಿ. ಬೆಣ್ಣೆ ಬಂದರೆ ಅಲ್ಲಿನ ಮಾವಿನ ಗ್ಲಾಸಿನಲ್ಲೂ ಅದೇ ಬೆಣ್ಣೆ ಇರಬಹುದು.