ಹಾಡುವ ಮುಂಚೆ ಮೈ ಆಡಿಸುವುದಾ, ಸ್ಟ್ರೆಚಿಂಗಾ?

ಅಭ್ಯಾಸಕ್ಕೆ ಮುಂಚೆ ಐದೇ ನಿಮಿಷ ಇದ್ದರೆ ನಾನು ಮೈ ಆಡಿಸುವುದನ್ನೇ ಆರಿಸುತ್ತೇನೆ. ಭುಜ ಸುತ್ತಿಸುವುದು, ತೋಳು ಬೀಸುವುದು, ನಿಂತಲ್ಲೇ ನಡೆಯುವುದು, ಇಷ್ಟೇ. ಮೈ ಬೆಚ್ಚಗಾಗುತ್ತದೆ, ಬೆಳಗಿನ ಜಡ ಬಿಡುತ್ತದೆ. ಏದುಸಿರು ಬರುವಷ್ಟು ಮಾತ್ರ ಬೇಡ. ಆಮೇಲೆ ಉದ್ದನೆಯ ಸ್ವರ ನಿಲ್ಲುವುದಿಲ್ಲ.

ಹಿಡಿದು ನಿಲ್ಲುವ ಸ್ಟ್ರೆಚಿಂಗ್‌ನ ಕೆಲಸವೇ ಬೇರೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಕತ್ತು ಬಿಗಿದಿದೆಯಾ? ತಲೆಯನ್ನು ಮೆಲ್ಲಗೆ ಒಂದು ಭುಜದ ಕಡೆ ವಾಲಿಸಿ 15–20 ಸೆಕೆಂಡ್ ಹಾಗೇ ಇರಿ. ಕೈಯಿಂದ ಜಗ್ಗಬೇಡಿ. ಒಂದು ಕೈ ಮೇಲೆತ್ತಿ ಪಕ್ಕಕ್ಕೆ ಬಾಗಿದರೆ ಪಕ್ಕೆ ಸಡಿಲವಾಗಿ ಉಸಿರು ಸಲೀಸಾಗುತ್ತದೆ. ಸಮಯ ಜಾಸ್ತಿ ಇದ್ದರೆ ಮೊದಲು ಮೈ ಆಡಿಸಿ, ಆಮೇಲೆ ಇದು. ತಣ್ಣನೆಯ ಸ್ನಾಯು ಸುಲಭಕ್ಕೆ ಬಗ್ಗುವುದಿಲ್ಲ ಅಲ್ವಾ?

ಅಂದಹಾಗೆ, ಇವೆರಡರಿಂದಲೂ ಗಂಟಲು ತಯಾರಾಗುವುದಿಲ್ಲ. ಹಮ್ಮಿಂಗ್, ಅಂದರೆ ಬಾಯಿ ಮುಚ್ಚಿ ‘ಮ್‌’ ಅಂತ ಗುನುಗುವುದನ್ನು, ಬೇರೆಯೇ ಮಾಡಬೇಕು.